ಶಾವಿಗೆ ವ್ಯಾನಿನ ತವರು

ಹೋದ ವಾರ ಶಾವಿಗೆ ಸೀಯಿಸಿದೆ. ಬಾಣಲೆಗೆ ತುಪ್ಪ ಬಿಟ್ಟು, ಒಂದು ಕೈಯಲ್ಲಿ ಶಾವಿಗೆ ತಿರುವುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದೆ. ಫೋನಿನಲ್ಲಿ ಯಾವುದೋ ದೇಶದ ಹುಡುಗಿ ತನ್ನ ವ್ಯಾನಿನೊಳಗೆ ಕಾಲು ಮಡಚಿ ಕೂತು, ಬಾಡಿಗೆ ಮನೆ ಬಿಟ್ಟು ಗಾಡಿಯಲ್ಲೇ ಬದುಕಿದರೆ ದುಡ್ಡು ಹೇಗೆ ಉಳಿಯುತ್ತದೆಂದು ವಿವರಿಸುತ್ತಿದ್ದಳು. ಹಾಸಿಗೆಯ ಕೆಳಗೆ ಖಾನೆ, ಖಾನೆಯೊಳಗೆ ಮಡಚುವ ಬಕೆಟ್ಟು, ಕಿಟಕಿಯಲ್ಲಿ ಒಂದು ಪುಟ್ಟ ಗಿಡ. ನಾನು ಬಾಯಿ ತೆರೆದು ನೋಡುತ್ತಿದ್ದಂತೆ ಇತ್ತ ಶಾವಿಗೆ ಕರ್ರಗಾಯಿತು. ವಾಸನೆ ಹಿಡಿದು ನಮ್ಮ ಯಜಮಾನರು ಅಡುಗೆ ಮನೆಗೆ ಇಣುಕಿದರು. "ತವರಿನ ಆಸ್ತೀನೆಲ್ಲ ಸುಟ್ಟು ಹಾಕಿದೇನ?" ಎಂದರು.

ಅವರು ತಮಾಷೆಗೆ ಹೇಳಿದ್ದು, ಆದರೆ ಸುಳ್ಳಲ್ಲ. ನನ್ನ ತವರಿನ ಆಸ್ತಿ ಎಂದರೆ ಬಹಳ ಕಾಲ ಒಂದು ಶಾವಿಗೆ ಯಂತ್ರ, ಒಂದು ಖಾರಪುಡಿ ಗಿರಣಿ, ಅವೆರಡನ್ನೂ ಹೊತ್ತು ತಿರುಗುತ್ತಿದ್ದ ಒಂದು ಹಳೆಯ ವ್ಯಾನು, ಇಷ್ಟೇ. ಆ ಹುಡುಗಿಗೆ ಗೊತ್ತಿಲ್ಲ, ಅವಳು ಇಷ್ಟು ಉತ್ಸಾಹದಿಂದ ಹೇಳುತ್ತಿದ್ದ ವಿದ್ಯೆಯನ್ನು ನಮ್ಮ ಅಪ್ಪ ಅವ್ವ ಗಡಿಯಾಚೆ, ತೆಲುಗು ಸೀಮೆಯ ಆದೋನಿಯ ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೂ ವಿಡಿಯೋ ತೋರಿಸದೆ ಕಲಿತು ಮುಗಿಸಿದ್ದರು.

ನನ್ನನ್ನು ಎಮ್ಮಿಗನೂರಿಗೆ ಮದುವೆ ಮಾಡಿ ಕೊಟ್ಟ ಮೇಲೆ ಆದೋನಿಯ ಬಾಡಿಗೆ ಮನೆಯಲ್ಲಿ ಉಳಿದವರು ಅವರಿಬ್ಬರೇ. ಉಳಿದರು ಎನ್ನುವುದೂ ತಪ್ಪು. ಬೇಸಿಗೆ ಬಂದರೆ ಶಾವಿಗೆ ಹಾಕಿಕೊಡುತ್ತ ಊರೂರು ತಿರುಗುವುದು, ಶಾವಿಗೆ ಕಾಲ ಮುಗಿದರೆ ಮೆಣಸಿನಕಾಯಿ ಬೀಸಿಕೊಡುತ್ತ ತಿರುಗುವುದು. ಒಂದು ದಿನ ಅಪ್ಪ ಹೇಳಿದ: "ನಾವು ಇಲ್ಲದ ಮನಿಗೆ ಬಾಡಿಗಿ ಕೊಡ್ತೀವಿ. ಹಲ್ಲಿ ಜಿರಳಿ ಆರಾಮ ಅದಾವು. ಅವಕ್ಕ ನಾವು ದುಡದು ಹಾಕಬೇಕೇನು?" ಅವ್ವ ಮರುದಿನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ನಮ್ಮ ಅವ್ವ ಒಪ್ಪುವುದು ಹೀಗೆಯೇ.

ಇಬ್ಬರಿಗೂ ಒಂದೇ ಆಸೆ: ಆದೋನಿಯ ಅಂಚಿನಲ್ಲಿ ಒಂದು ಸಣ್ಣ ಸೈಟು, ಅದರ ಮೇಲೆ ಎರಡು ಕೋಣೆ. ಬಾಡಿಗೆಗೆ ಹೋಗುವ ದುಡ್ಡು ಬ್ಯಾಂಕಿಗೆ ಹೋಗಲಿ ಎಂಬುದು ಲೆಕ್ಕ.

ವ್ಯಾನು ಮೊದಲು ಒಬ್ಬ ಹತ್ತಿ ವ್ಯಾಪಾರಿಯದು. ಸೀಟು ಕಿತ್ತರೂ ಮೂಲೆಗಳಲ್ಲಿ ಹತ್ತಿಯ ಎಳೆ ವರ್ಷಗಟ್ಟಲೆ ಸಿಗುತ್ತಿತ್ತು. ಅವ್ವ ಅದನ್ನೇ ಆರಿಸಿ ದೇವರಿಗೆ ಬತ್ತಿ ಹೊಸೆಯುತ್ತಿದ್ದಳು. ಹಿಂಬಾಗಿಲ ಬಳಿ ಯಂತ್ರ, ನಡುವೆ ಹಿಟ್ಟಿನ ಡಬ್ಬಿಗಳು, ಡಬ್ಬಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಹಾಸಿಗೆ. ಸೀರೆ ಒಣಗಲು ಒಳಗೇ ಒಂದು ಹಗ್ಗ. ಬೆಳಿಗ್ಗೆ ಎದ್ದರೆ ಹಿಂಬಾಗಿಲ ಮುಂದಿನ ನೆಲಕ್ಕೆ ನೀರು ಚಿಮುಕಿಸಿ ರಂಗೋಲಿ. ಗಾಡಿ ಹೊರಟು ಹೋದ ಮೇಲೆ ರಂಗೋಲಿ ಮಾತ್ರ ಬೇವಿನ ಮರದ ಕೆಳಗೆ ಉಳಿದಿರುತ್ತಿತ್ತಂತೆ, ಅದನ್ನು ಕೋಳಿಗಳು ಕೆದರುತ್ತಿದ್ದವಂತೆ.

ಗಾಡಿಯಲ್ಲಿ ಬದುಕುವವರಿಗೆ ಉಳಿತಾಯವನ್ನು ಯಾರೂ ಕಲಿಸಬೇಕಾಗಿಲ್ಲ ನೋಡಿ. ಇಡಲು ಜಾಗವಿಲ್ಲದವರು ಏನನ್ನು ಕೊಳ್ಳುತ್ತಾರೆ? ನಾನು ಒಮ್ಮೆ ಹುಮ್ಮಸ್ಸಿನಿಂದ ಅವ್ವನಿಗೆ ಗಾಜಿನ ಬಟ್ಟಲುಗಳ ಪೆಟ್ಟಿಗೆ ಉಡುಗೊರೆ ಕೊಟ್ಟೆ. ಅದು ಆಲೂರು ಮುಟ್ಟುವುದರೊಳಗೆ ಗಾಜಿನ ಪುಡಿಯಾಗಿತ್ತು. "ಖಾರ ಬೀಸಾಕ ನಮ್ಮ ಗಿರಣಿ ಐತಲ್ಲ, ಗಾಜು ಬೀಸಾಕ ನಿನ್ನ ಗಂಡನ ರೊಕ್ಕ ಯಾಕ ಕಳದಿ?" ಎಂದಳು. ಅಪ್ಪನ ಉಳಿತಾಯ ಡೀಸೆಲ್ಲಿನಲ್ಲಿ. ಹೋದ ದಾರಿಯಲ್ಲಿ ವಾಪಸು ಬರುವುದೆಂದರೆ ಅವನಿಗೆ ಪಾಪ ಮಾಡಿದಂತೆ. ಒಂದು ಊರಲ್ಲಿ ಚಾದರ ಮರೆತರೆ, ಮುಂದಿನ ಸುತ್ತಿನಲ್ಲಿ ಆ ಊರು ಬರುವವರೆಗೂ ಚಾದರವಿಲ್ಲ. ಚಳಿಗಾಲದಲ್ಲಿ ಮರೆತದ್ದನ್ನು ಯುಗಾದಿಗೆ ಹೊದ್ದುಕೊಂಡಿದ್ದಾರೆ.

ಸುಖವೇ ಇತ್ತೆಂದು ಹೇಳಲಾರೆ. ನಮ್ಮ ಕಡೆಯ ಬಿಸಿಲಿಗೆ ಏಪ್ರಿಲ್‌ನಲ್ಲಿ ವ್ಯಾನಿನ ಮೇಲ್ಭಾಗ ರೊಟ್ಟಿ ಹಂಚಾಗುತ್ತಿತ್ತು. ಅವ್ವ ಅದರ ಮೇಲೆ ಒದ್ದೆ ಗೋಣಿಚೀಲ ಹಾಕಿ ಕೆಳಗೆ ಕೂರುತ್ತಿದ್ದಳು. ಗಾಡಿ ಹತ್ತಿ ಇಳಿದೂ ಇಳಿದೂ ಅವಳ ಮೊಣಕಾಲು ಹಿಡಿದುಕೊಂಡಿದ್ದವು. ನಾನು ಫೋನು ಮಾಡಿದಾಗ ಇದನ್ನೇನೂ ಹೇಳುತ್ತಿರಲಿಲ್ಲ. ಯಾವ ಊರಲ್ಲಿ ಎಷ್ಟು ಚೆನ್ನಾದ ಗೋದಿ ಬಂತು ಎಂದು ಹೇಳುತ್ತಿದ್ದಳು.

ಯಂತ್ರಕ್ಕೆ ಕರೆಂಟು ಬೇಕಲ್ಲ, ಅದರ ಏರ್ಪಾಡು ಮಾತ್ರ ಚಂದ. ಪ್ರತಿ ಊರಲ್ಲೂ ಒಂದು ಮನೆಯವರು ತಮ್ಮ ಮನೆಯಿಂದ ವೈರು ಎಳೆದುಕೊಳ್ಳಲು ಬಿಡುತ್ತಿದ್ದರು. ಅವರಿಗೆ ವರ್ಷದ ಶಾವಿಗೆ ಪುಕ್ಕಟೆ. ಪೆದ್ದಹರಿವಾಣಂನಲ್ಲಿ ಗಂಗಮ್ಮನ ಮನೆ, ಆಲೂರಿನಲ್ಲಿ ಶಿವಲೀಲಮ್ಮನ ಮನೆ, ಪೆದ್ದಕಡುಬೂರಿನಲ್ಲಿ ಎಲ್ಲರೂ ಬರೀ ಅಜ್ಜಿ ಎಂದು ಕರೆಯುವ ಒಬ್ಬ ಗಟ್ಟಿ ಮುದುಕಿಯ ಮನೆ. ವೈರಿನ ಜೊತೆ ಇನ್ನೂ ಏನೇನೋ ಬರುತ್ತಿತ್ತು: ಒಂದು ಚೊಂಬು ಮಜ್ಜಿಗೆ, ನಾಲ್ಕು ಬದನೆಕಾಯಿ, ಸ್ನಾನಕ್ಕೆ ಬಚ್ಚಲು. ಊರಿನ ಹೆಂಗಸರು ಗಟ್ಟಿಯಾಗಿ ನಾದಿದ ಹಿಟ್ಟು ತಂದು ಸರದಿಯಲ್ಲಿ ಕೂತರೆ, ಯಂತ್ರ ಎಳೆ ಬಿಡುವವರೆಗೂ ಮಾತೇ ಮಾತು. ಹಾಗಾಗಿ ನಾನು ಬಸುರಿ ಎಂಬ ಸುದ್ದಿ ನನ್ನ ಅತ್ತೆಯ ನೆಂಟರಿಗಿಂತ ಮೊದಲು ಈ ಮೂರು ಊರಿನ ಹೆಂಗಸರಿಗೆ ತಿಳಿಯಿತು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತಂದು ಕುಬಸ ಮಾಡಿ, ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿ, ಮಗಳನ್ನು ಕರೆದೊಯ್ಯಬೇಕು. ಎಲ್ಲಿಗೆ ಕರೆದೊಯ್ಯುವುದು? ನನ್ನ ತವರು ಆ ವಾರ ಯಾವ ಬೇವಿನ ಮರದ ಕೆಳಗಿದೆ ಎಂದು ತಿಳಿಯಲು ನಾನೇ ಫೋನು ಮಾಡಬೇಕಿತ್ತು.

ನಮ್ಮ ಅತ್ತೆ ಕೆಟ್ಟವರಲ್ಲ. ನಾಲ್ಕು ಜನರ ಮಾತಿಗೆ ಹೆದರುವವರು, ಅಷ್ಟೇ. ದಿಗಿಲಾದರೆ ಅರ್ಧ ಮಾತು ತೆಲುಗಿಗೆ ಜಾರುತ್ತದೆ. "ಬಾಣಂತೀನ ಬಂಡ್ಯಾಗ ಮಲಗಸ್ತಾರೇನ? ನಲುಗುರು ಏಮಂಟಾರು, ನಾಕು ಮಂದಿ ಏನಂತಾರ? ಇಲ್ಲೇ ಇರ್ಲಿ ಬಿಡು, ನಾ ಮಾಡ್ತೀನಿ" ಎಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ಓಣಿಯ ಹುಡುಗಿಯರೆಲ್ಲ ತವರಿಗೆ ಹೋಗಿ, ಕೂಸು ಎತ್ತಿಕೊಂಡು, ಕೆನ್ನೆ ತುಂಬಿಕೊಂಡು ಬಂದವರು. ನಾನೊಬ್ಬಳು ಹೋಗಲು ಮನೆಯಿಲ್ಲದೆ ಉಳಿದವಳಾಗುತ್ತೇನೆ ಎಂದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಬಸುರಿಯ ಅಳು, ಸ್ವಲ್ಪ ಜಾಸ್ತಿಯೇ ಇರುತ್ತದೆ.

ಅವ್ವ ಈ ಸುದ್ದಿ ಕೇಳಿ, ಉಳಿಸಿದ ದುಡ್ಡು ತೆಗೆದು ಆದೋನಿಯಲ್ಲಿ ಮನೆ ಹಿಡಿಯುವುದೇ ಸರಿ ಎಂದಳಂತೆ. ಅಷ್ಟರಲ್ಲಿ ಅಪ್ಪ ಒಂದು ಸೈಟಿಗೆ ಮುಂಗಡ ಕೊಟ್ಟಿದ್ದ; ದಸರಾದೊಳಗೆ ಉಳಿದದ್ದನ್ನು ಕಟ್ಟಬೇಕಿತ್ತು. ಮನೆ ಹಿಡಿದರೆ ಸೈಟು ಹೋಯಿತು, ಜೊತೆಗೆ ಮುಂಗಡವೂ. ಅಪ್ಪ ಎರಡು ದಿನ ಊಟ ಸೇರದೆ ಕೂತು, ಮೂರನೇ ದಿನ, "ಸೈಟು ಮತ್ತ ಸಿಗತೈತಿ. ಮಗಳ ಚೊಚ್ಚಲ ಮತ್ತ ಬರಂಗಿಲ್ಲ. ಮನಿ ಹಿಡಿಯೂಣು" ಎಂದನಂತೆ. ಇದನ್ನು ಅವ್ವ ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಹೇಳದಿದ್ದರೇ ಚೆನ್ನಾಗಿತ್ತೇನೋ, ಈಗಲೂ ಆ ಮಾತು ನೆನಪಾದರೆ ಕಣ್ಣು ತುಂಬುತ್ತದೆ.

ಆದರೆ ಅಪ್ಪ ಇನ್ನೊಂದು ಕೆಲಸ ಮಾಡಿಟ್ಟಿದ್ದ. ಅವ್ವ ಶಾವಿಗೆ ಹಾಕುತ್ತ ತೋಡಿಕೊಂಡ ಚಿಂತೆ ಕೇಳಿದ್ದ ಹರಿವಾಣದ ಗಂಗಮ್ಮ, ಆಮೇಲೆ ಅಪ್ಪ ಒಬ್ಬನೇ ಇದ್ದಾಗ ಹೊರಬಂದು, "ಅಣ್ಣಾ, ಮಗಳನ್ನ ನಮ್ಮನಿಗೆ ಕರಕೊಂಡು ಬರ್ರಿ" ಎಂದಿದ್ದಳು. ಅಪ್ಪ, "ಆಗ್ಲಿ ಬಿಡವ್ವ" ಎಂದ. ಆಲೂರಿನಲ್ಲಿ ಶಿವಲೀಲಮ್ಮನೂ ಹಾಗೇ ಹೇಳಿದಳು. "ಆಗ್ಲಿ ಬಿಡವ್ವ." ಕಡುಬೂರಿನ ಅಜ್ಜಿ ಕೇಳಲೂ ಇಲ್ಲ, ಆಜ್ಞೆ ಮಾಡಿದಳು. "ಆಗ್ಲಿ ಬಿಡಬೇ." ನಮ್ಮ ಕಡೆ ಯಾರಾದರೂ ಕರೆದರೆ ಒಲ್ಲೆ ಎಂದು ಮುಖದ ಮೇಲೆ ಹೇಳುವ ಪದ್ಧತಿಯಿಲ್ಲ. ಮೇಲಾಗಿ ಅವರ ಮನೆಯ ವೈರಿಗೆ ಯಂತ್ರ ಸಿಕ್ಕಿಸಿಕೊಂಡು ನಿಂತವನು ಒಲ್ಲೆ ಎನ್ನುವುದಾದರೂ ಹೇಗೆ? ಅವರು ಮರ್ಯಾದೆಗೆ ಹೇಳಿದ್ದಾರೆ, ನಾನೂ ಮರ್ಯಾದೆಗೆ ಹೂಂ ಅಂದೆ ಎಂದುಕೊಂಡು ಅಪ್ಪ ಅದನ್ನು ಮರೆತೇಬಿಟ್ಟ. ಅವ್ವನಿಗೂ ಹೇಳಲಿಲ್ಲ.

ಆದೋನಿಯಲ್ಲಿ ಬಾಡಿಗೆ ಮನೆ ಇನ್ನೂ ಸಿಕ್ಕಿರಲಿಲ್ಲ. ಕುಬಸದ ದಿನ ಎಮ್ಮಿಗನೂರಿನ ನಮ್ಮ ಮನೆ ಮುಂದೆ ವ್ಯಾನು ಬಂದು ನಿಂತಿತು. ಅವ್ವ ಹಸಿರು ಸೀರೆ ಹಿಡಿದು ಇಳಿದಳು. ಅದರ ಹಿಂದೆಯೇ ಒಂದು ಆಟೋ ಬಂತು. ಗಂಗಮ್ಮ ಮತ್ತು ಹರಿವಾಣದ ಹೆಂಗಸರು, ಕೈಯಲ್ಲಿ ಹಸಿರು ಸೀರೆ. ಬೆಲ್ಲ ನೀರು ಕೊಟ್ಟು ಕೂರಿಸುವಷ್ಟರಲ್ಲಿ ಆಲೂರಿನ ಶಿವಲೀಲಮ್ಮ, ಇನ್ನೊಂದು ಹಸಿರು ಸೀರೆ. ಉಡಿ ತುಂಬಲು ನನ್ನನ್ನು ಮಣೆಯ ಮೇಲೆ ಕೂರಿಸಿದ್ದರು, ಆಗ ಬಸ್ಸಿಳಿದು ಕೋಲೂರಿಕೊಂಡು ಅಜ್ಜಿ. ಅವಳ ಸೀರೆ ಹಸಿರೋ ನೀಲಿಯೋ ಎಂಬ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

"ಕ್ವಾಣಿಗೆ ಸುಣ್ಣ ಹೊಡಿಸೀನಿ, ನಮ್ಮನಿಗೇ ಬರತಾಳ" ಎಂದಳು ಗಂಗಮ್ಮ.

"ನಿಮ್ಮನಿಗೆ ಹೆಂಗ? ಅಣ್ಣ ನನಗ ಮಾತು ಕೊಟ್ಟಾನ" ಎಂದಳು ಶಿವಲೀಲಮ್ಮ.

"ಅವ ನನಗೂ ಕೊಟ್ಟಾನ" ಎಂದಳು ಅಜ್ಜಿ, ಕೋಲಿನಿಂದ ಅಪ್ಪನ ಕಡೆ ತೋರಿಸಿ.

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ವ್ಯಾನಿನ ಟೈರು ನೋಡಿದ. ಅವ್ವ ಅವನನ್ನು ನೋಡಿದ ನೋಟಕ್ಕೆ ಹಸಿ ಶಾವಿಗೆ ಅಲ್ಲೇ ಒಣಗಬೇಕು. ಇಷ್ಟು ದಿನ ತವರೆಲ್ಲಿ ತವರೆಲ್ಲಿ ಎಂದು ಕೊರಗುತ್ತಿದ್ದ ನಮ್ಮ ಅತ್ತೆ ಮೂರು ತವರಿನ ನಡುವೆ ನಿಂತು, "ಅಯ್ಯೋ ಶಿವನೇ, ಇದೇಂಟ್ರಾ, ಇದೇನಿದು" ಎಂದರು. ಕೊನೆಗೆ ಅವರೇ ನ್ಯಾಯಕ್ಕೆ ಕೂತರು. ಯಾಕೆ ನಿನ್ನ ಮನೆಗೇ ಬರಬೇಕು, ಹೇಳು ಎಂದು ಒಬ್ಬೊಬ್ಬರನ್ನೇ ಕೇಳಿದರು.

ಗಂಗಮ್ಮ ತಾನು ತಂದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ನನಗ ಮೂರೂ ಗಂಡಮಕ್ಕಳ್ರಿ. ಹೊಲ ಐತಿ, ಮನಿ ಐತಿ. ಉಡಿ ತುಂಬಿ ಕಳಿಸಾಕ ಮಗಳೊಬ್ಬಾಕಿ ಇಲ್ಲ" ಎಂದಳು.

ಶಿವಲೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾದ್ರ ಬಾಣಂತಿ ಅಂಟಿನುಂಡಿಗೆ ಬೆಲ್ಲ ತುಪ್ಪ ನಂದು" ಎಂದಳು. ಅಜ್ಜಿ ಸುಲಭಕ್ಕೆ ಬಿಡುವವಳಲ್ಲ. "ಎಣ್ಣಿ ನೀರು ನಾನ ಹಾಕಾಕಿ. ಈ ಹುಡುಗೀ ಮೂಗು ನೋಡ್ರಿ, ಯಾರೂ ತಿದ್ದಿಲ್ಲ. ಕೂಸಿಂದರ ತಿದ್ದತೀನಿ" ಎಂದಳು. ಹೀಗೆ ನನ್ನ ಮೂಗಿನ ವಿಚಾರ ಮೂರು ಊರಿಗೆ ಗೊತ್ತಾಗಿ ನ್ಯಾಯ ಮುಗಿಯಿತು.

ಹೆರಿಗೆ ಆದೋನಿಯ ಆಸ್ಪತ್ರೆಯಲ್ಲಾಯಿತು, ಬಾಣಂತನ ಗಂಗಮ್ಮನ ಮನೆಯಲ್ಲಿ. ಅಷ್ಟೂ ದಿನ ವ್ಯಾನು ಅವಳ ಅಂಗಳದಲ್ಲೇ ನಿಂತಿತ್ತು. ಅವ್ವ ಒಳಗೆ ನನ್ನ ಪಕ್ಕ, ಅಪ್ಪ ಹೊರಗೆ ಅದರಲ್ಲಿ. ಸುಣ್ಣದ ವಾಸನೆಯ ಆ ಕೋಣೆಯಲ್ಲಿ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದಾಗ ಲೋಕದಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ಅವ್ವ ದುಡ್ಡು ಕೊಡಲು ಹೋದರೆ ಗಂಗಮ್ಮ ಎರಡು ದಿನ ಮಾತು ಬಿಟ್ಟಳು. ದಸರಾಕ್ಕೆ ಸೈಟಿನ ಹಣ ಕಟ್ಟಿದರು. ಗಾಡಿಯ ಬಾಳು ಇನ್ನೂ ಕೆಲವು ವರ್ಷ ನಡೆಯಿತು. ಹೋದ ವರ್ಷ ಎರಡು ಕೋಣೆ ಎದ್ದು ನಿಂತವು. ಲೆಕ್ಕ ಹಾಕಿದರೆ, ಅಪ್ಪ ಅವ್ವ ಬಾಡಿಗೆಯಲ್ಲಿ ಉಳಿಸಿದ್ದು ಒಂದು ಪಾಲಾದರೆ ಊರಿನವರು ಉಳಿಸಿಕೊಟ್ಟದ್ದು ಇನ್ನೊಂದು ಪಾಲು. ಆ ಪಾಲಿಗೆ ನಾವು ಶಾವಿಗೆ ಬಿಟ್ಟರೆ ಬೇರೇನೂ ಕೊಟ್ಟಿಲ್ಲ ಎಂದು ನಾನು ತಿಳಿದಿದ್ದೆ.

ಶಾವಿಗೆ ಸೀದ ಮರುದಿನ ಅವ್ವನ ಫೋನು ಬಂತು. ಗಂಗಮ್ಮನ ಕಿರಿಸೊಸೆಗೆ ಏಳನೇ ತಿಂಗಳು. ಆ ಹುಡುಗಿಗೆ ತಾಯಿಯಿಲ್ಲ, ತಂದೆ ದೂರದ ಊರಲ್ಲಿ ಒಬ್ಬನೇ ಇರುವವನು. ಗಂಗಮ್ಮ ಹೊಸ ಮನೆಗೆ ಬಂದು, ನೆಲದ ಮೇಲೆ ಕೂತು ಹೇಳಿದಳಂತೆ: "ಅಕ್ಕಾ, ನಮ್ಮನ್ಯಾಗ ಏನೂ ಕಡಿಮಿಲ್ಲ. ನಾ ಮಾಡ್ತೀನಿ. ಆದ್ರ ಆ ಹುಡುಗಿಗೆ, ತವರಿಗೆ ಹೊಂಟೀನಿ ಅನ್ನಾಕ ಒಂದು ಮನಿ ಬೇಕಲ್ಲ?" ಅವ್ವ ಆ ದಿನವೇ ಹಸಿರು ಸೀರೆ ತಂದಳು.

ನಾನೂ ಆದೋನಿಗೆ ಬಂದಿದ್ದೇನೆ. ನಿನ್ನೆ ಕುಬಸ ಮುಗಿಸಿ ಹುಡುಗಿಯನ್ನು ಕರೆತಂದೆವು. ಆಟೋ ಇಳಿದವಳು ಮನೆಯನ್ನು ಮೇಲಿಂದ ಕೆಳಗೆ ನೋಡಿ, "ಅವ್ವಾ, ಚಪ್ಪಲಿ ಎಲ್ಲಿ ಬಿಡ್ಲಿ?" ಎಂದು ನಮ್ಮ ಅವ್ವನನ್ನು ಕೇಳಿದಳು. ಅವ್ವ ತನ್ನ ಚಪ್ಪಲಿ ಪಕ್ಕಕ್ಕೆ ಸರಿಸಿ ಬಾಗಿಲ ಬಳಿ ಜಾಗ ಮಾಡಿಕೊಟ್ಟಳು.

ಒಳಕೋಣೆ ಈಗ ಅವಳದು. ಹೊರಕೋಣೆಯಲ್ಲಿ ಅವಳ ಆರೈಕೆಗೆ ಬಂದ ಗಂಗಮ್ಮ, ಅಪ್ಪ, ಕಾಯಿ, ಬೆಲ್ಲ, ಬುತ್ತಿಯ ಗಂಟುಗಳು. ಮಧ್ಯಾಹ್ನ ಊಟವಾದ ಮೇಲೆ ಒಂದಿಷ್ಟು ಅಡ್ಡಾಗೋಣವೆಂದು ನಾನು ಚಾಪೆ ಹಿಡಿದು ಜಾಗ ಹುಡುಕುತ್ತಿದ್ದೆ.

"ಇಲ್ಲಿ ಎಲ್ಲೈತಿ ಜಾಗ?" ಎಂದಳು ಅವ್ವ. "ಬಸುರಿ ಮಲಗ್ಯಾಳ, ಸಪ್ಪಳ ಮಾಡಬ್ಯಾಡ. ಹೋಗು, ವ್ಯಾನಿನ್ಯಾಗ ಮಲಕ್ಕೋ."

ತವರಿಗೆ ಬಂದ ಮಗಳಿಗೆ ಹೇಳುವ ಮಾತೇ ಇದು? ನಗುತ್ತಲೇ ಅಂಗಳದಲ್ಲಿ ನಿಂತಿದ್ದ ವ್ಯಾನಿಗೆ ಹೋಗಿ ಹಲಗೆಯ ಮೇಲೆ ಮೈಚಾಚಿದೆ. ಇಷ್ಟು ವರ್ಷಗಳಲ್ಲಿ ಅದರ ಮೇಲೆ ನಾನು ಮಲಗಿದ್ದು ಇದೇ ಮೊದಲು. ಗಟ್ಟಿಯಾಗಿತ್ತು, ಬಹಳ ಗಟ್ಟಿ. ಬೆನ್ನಿನ ಒಂದು ಮೂಳೆಯನ್ನೂ ಬಿಡದೆ ಒತ್ತುತ್ತಿತ್ತು. ಇದರ ಮೇಲೆ ಅವರಿಬ್ಬರೂ ಅಷ್ಟು ವರ್ಷ ಮಲಗಿ, ಬೆಳಿಗ್ಗೆ ಎದ್ದು, ನನಗೆ ಫೋನಿನಲ್ಲಿ ಗೋದಿಯ ಸುದ್ದಿ ಹೇಳುತ್ತಿದ್ದರು.