ಯಾರಿಗೂ ಕೇಳದ ಸದ್ದು

ಟರ್ಬೈನ್ ಶೆಡ್ಡಿನ ಆ ಹಿರಿಯ ಫಿಟ್ಟರನ್ನು ಎಲ್ಲರೂ ಕರೆಯುತ್ತಿದ್ದುದು ಠಣ್ ಮಾಮ ಅಂತಲೇ. ಬೋಲ್ಟಿಗೆ ಸುತ್ತಿಗೆಯಿಂದ ಒಂದೇಟು ಕೊಟ್ಟು, ಸದ್ದು ಕೇಳಿಯೇ ಬಿಗಿಯೋ ಸಡಿಲವೋ ಹೇಳಿಬಿಡುತ್ತಿದ್ದರು. ಕೋಪ ಮಾತ್ರ ಮೂಗಿನ ತುದಿಯಲ್ಲೇ. ಎರಡು ವರ್ಷದಿಂದ ಅವರ ಕಿವಿ ಮಂದವಾಗಿತ್ತು. ಅದು ಹೆಂಡತಿಗೊಬ್ಬಳಿಗೇ ಗೊತ್ತು. ಶೆಡ್ಡಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಏಟಿಗೆ ಬೋಲ್ಟು ನಡುಗುವುದನ್ನು ಎಡಗೈ ಬೆರಳಲ್ಲಿ ಹಿಡಿದು ಹೇಗೋ ದಿನ ದೂಡುತ್ತಿದ್ದರು.

ಹೊಸ ಇಂಜಿನಿಯರಮ್ಮ ಬೋಲ್ಟಿನ ಬಿಗಿ ಅಳೆಯುವ ಅಲ್ಟ್ರಾಸೋನಿಕ್ ಯಂತ್ರ ತಂದಾಗ, ಮಾಮ ಇನ್ನೇನು ಸಿಡಿದೇಳುತ್ತಾರೆಂದೇ ಎಲ್ಲರೂ ಅಂದುಕೊಂಡರು. ಆಕೆ ಬೋಲ್ಟಿನ ತಲೆಗೆ ಜೆಲ್ ಸವರಿ, ಯಂತ್ರದ ತಂತಿಯ ತುದಿಯಲ್ಲಿದ್ದ ಪ್ರೋಬ್ ಇಟ್ಟಳು. "ಸದ್ದು ಬೋಲ್ಟಿನ ಬುಡ ಮುಟ್ಟಿ ವಾಪಸ್ ಬರುತ್ತೆ. ಬಿಗಿಯೋಕೆ ಮುಂಚೆ ಎಷ್ಟು ಹೊತ್ತು ಹಿಡೀತು, ಬಿಗಿದ ಮೇಲೆ ಎಷ್ಟು ಹಿಡೀತು ಅಂತ ಈ ಪರದೆ ಮೇಲೆ ನೋಡಿದ್ರೆ, ಬೋಲ್ಟು ಎಷ್ಟು ಹಿಗ್ಗಿದೆ, ಎಷ್ಟು ಬಿಗಿಯಾಗಿದೆ ಗೊತ್ತಾಗುತ್ತೆ."

ಆಕೆಯ ತುಟಿಯನ್ನೇ ನೋಡುತ್ತಿದ್ದ ಮಾಮ ಕೇಳಿದರು: "ಆ ಸದ್ದು ನಿಮಗೆ ಕೇಳಿಸುತ್ತಾ?"

"ಇಲ್ಲ ಮಾಮ. ಮನುಷ್ಯರ ಕಿವಿಗೆ ಅದು ಕೇಳಿಸೋದೇ ಇಲ್ಲ."

"ಯಾರಿಗೂ?"

"ಯಾರಿಗೂ."

ಮಾಮ ಸುತ್ತಿಗೆಯನ್ನು ಕೆಳಗಿಟ್ಟರು.

"ಹಾಗಾದ್ರೆ ಮೊದಲು ನನಗೇ ಕಲಿಸಿಬಿಡಿ," ಎಂದರು, ಶೆಡ್ಡಿಗೆಲ್ಲ ಕೇಳುವಂತೆ. "ಆದ್ರೆ ಸ್ವಲ್ಪ ಗಟ್ಟಿಯಾಗಿ ಹೇಳಿ. ನನಗೆ ಕಿವಿ ಮಂದ."