ರಕ್ತಪರೀಕ್ಷೆಯ ವರದಿಯ ಮೇಲೆ ನನ್ನ ಬೈಗುಳ

ಇದನ್ನು ಬರೆಯುವುದನ್ನು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಒಮ್ಮೆ ಕಣ್ಣಿನ ಪೊರೆಯ ನೆಪ, ಒಮ್ಮೆ ಕರೆಂಟಿನ ನೆಪ. ಊರಿನವರ ತಪ್ಪುಗಳ ಬಗ್ಗೆ ಬರೆಯಲು ಮಾತ್ರ ನಡುನಡುವೆ ಪುರಸೊತ್ತು ಸಿಗುತ್ತಿತ್ತು.

ನಾನು ಮೆಟ್ರಿಕ್ ಪಾಸಾದವನು. ಧಾರವಾಡದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಅದನ್ನೂ ಕಲಿತೆ. ಹಳೆಯ ಫಾಂಟುಗಳಲ್ಲಿದ್ದ ಕನ್ನಡವನ್ನು, ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವ ಯೂನಿಕೋಡಿಗೆ ತಿರುಗಿಸುವ ಸಣ್ಣ ಲೈಬ್ರರಿಯೊಂದನ್ನು ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟೆ. ಲೈಬ್ರರಿ ಎಂದರೆ ಬೇರೆಯವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು. ಹತ್ತಾರು ಮಂದಿ ಬಳಸತೊಡಗಿದರು. ನನಗೆ ಕೊಂಬು ಮೂಡಿದವು.

ಬೈರಿದೇವರಕೊಪ್ಪದ ಮೆಕ್ಯಾನಿಕ್ ಒಬ್ಬರ ಮಗಳು ಹುಬ್ಬಳ್ಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಕನ್ನಡದಲ್ಲಿ ವರದಿ ಮುದ್ರಿಸುವ ಪ್ರೋಗ್ರಾಮ್ ಬರೆದಿದ್ದಳು. ಅದರ ಹೊಟ್ಟೆಯೊಳಗೆ ನನ್ನ ಲೈಬ್ರರಿ ಇತ್ತು. ಅದು ಅವಳಿಗೆ ಸಿಕ್ಕ ಮೊದಲ ಕೆಲಸ. ಅದು ಹೋದರೆ ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಏನಾದರೂ ಕೇಳುವುದಿದ್ದರೆ ನನಗೆ ಫೋನ್ ಮಾಡುತ್ತಿದ್ದಳು. ನಾನು ಪಂಡಿತನ ಹಾಗೆ ಕೆಮ್ಮಿ ಉತ್ತರಿಸುತ್ತಿದ್ದೆ.

ಒಮ್ಮೆ ಆ ಲೈಬ್ರರಿಯಲ್ಲಿ ಅಕ್ಷರ ತಿರುಗಿಸುವ ಕೋಡಿನ ತುಣುಕಿನ, ಅಂದರೆ ಹಳೆಯ ಫಂಕ್ಷನ್ನಿನ, ಬದಲು ಹೊಸದೊಂದು ಬರೆದೆ. ಇಂಥದ್ದಕ್ಕೆ ನಮ್ಮ ಕಸುಬಿನಲ್ಲಿ ಪದ್ಧತಿಯಿದೆ. ಹಳೆಯದನ್ನು ಒಮ್ಮೆಲೇ ಕಿತ್ತುಹಾಕಬಾರದು. ಒಂದೆರಡು ಆವೃತ್ತಿಯವರೆಗೆ ಅದು ಮೊದಲಿನಂತೆಯೇ ಕೆಲಸ ಮಾಡಬೇಕು. ಅದರ ಬದಲು ಯಾವುದನ್ನು ಬಳಸಬೇಕೆಂಬ ಎಚ್ಚರಿಕೆಯನ್ನು ಪ್ರೋಗ್ರಾಮ್ ಬರೆದವರಿಗಷ್ಟೇ ಕಾಣುವಂತೆ ಬೇರೆ ದಾರಿಯಲ್ಲಿ ಕಳಿಸಬೇಕು. ಹಳೆಯದನ್ನೇನೋ ಉಳಿಸಿದೆ. ಎಚ್ಚರಿಕೆ ಬರೆಯುವಾಗ ಜಾಣತನ ತೋರಿಸುವ ಹುಕಿ ಬಂತು. ಹೊಸ ಫಂಕ್ಷನ್ನಿನ ಹೆಸರನ್ನೇ ಹೇಳದೆ, 'ಇನ್ನೂ ಹಳೇದನ್ನ ಹಿಡಕೊಂಡು ಕುಂತೀರೇನು? ನಾಚ್ಕಿ ಇರಲಿ' ಎಂದು ಬರೆದೆ. ಅದನ್ನೂ ಬೇರೆ ದಾರಿಗೆ ಹಾಕದೆ, ತಿರುಗಿಸಿದ ಕನ್ನಡ ಹೊರಬರುವ ದಾರಿಯಲ್ಲೇ ಬಿಟ್ಟೆ. ಪರೀಕ್ಷಿಸಿ ನೋಡಲಿಲ್ಲ. ಒಬ್ಬನೇ ನಕ್ಕು ಬಿಡುಗಡೆ ಮಾಡಿದೆ. ಅವಳ ಪ್ರೋಗ್ರಾಮ್ ಬಳಸುತ್ತಿದ್ದುದು ಆ ಹಳೆಯ ಫಂಕ್ಷನ್ನನ್ನೇ. ಲ್ಯಾಬಿನ ಕಂಪ್ಯೂಟರ್ ಹೊಸ ಆವೃತ್ತಿಯನ್ನು ತಾನಾಗಿಯೇ ಇಳಿಸಿಕೊಂಡಿತು.

ಮರುದಿನ ಬೆಳಿಗ್ಗೆ ಅವಳ ಫೋನ್ ಬಂತು.

"ಕಾಕಾ, ರಿಪೋರ್ಟಿನ ಮ್ಯಾಲ ನಿಮ್ಮ ಬೈಗುಳ ಪ್ರಿಂಟ್ ಆಗಾಕತ್ತದ. ರಿಟಾಯರ್ಡ್ ಮಾಸ್ತರೊಬ್ರು ಕೌಂಟರಿಗೆ ಬಂದು, ರಗತಾನೂ ಕೊಟ್ಟು ಬೈಸ್ಕೋಬೇಕೇನ್ರಿ ಅಂತ ಕೇಳಾಕತ್ತಾರ."

"ನಾ ಬೈದದ್ದು ಪ್ರೋಗ್ರಾಮ್ ಬರಿಯೋರಿಗೆ. ಮಾಸ್ತರು ಯಾಕ ಮೈಮ್ಯಾಲ ಹಾಕ್ಕೊಂಡ್ರು?"

"ಅವರ ಹೆಸರಿನ ಮ್ಯಾಲ ಬಂದದಲ್ರಿ. ಮಾಲಕರು ನಿಮಗ ಫೋನ್ ಹಚ್ತಾರ. ನಿಮ್ಮ ಕಡಿಂದ ಆಗೇದ ಅಂತ ಒಂದು ಮಾತು ಹೇಳ್ರಿ. ಇಲ್ಲಂದ್ರ ನನ್ನ ತಗದ ಹಾಕ್ತಾರ."

"ಹೇಳೂಣಂತ," ಎಂದೆ.

ಮಧ್ಯಾಹ್ನ ಮಾಲೀಕರು ಫೋನ್ ಮಾಡಿ, ತಪ್ಪು ಯಾರದು ಎಂದು ಕೇಳಿದರು.

"ನಮ್ಮ ಕಡಿಂದ ಏನೂ ಇಲ್ರಿ," ಎಂದೆ. "ಹುಡುಗಿ ಹೊಸಾಕಿ. ಎಚ್ಚರಿಕಿ ಓದಿಲ್ಲ."

ಅಷ್ಟರಲ್ಲಿ ಆ ಎಚ್ಚರಿಕೆಯನ್ನು ಲ್ಯಾಬಿನ ಸಕ್ಕರೆ ರೋಗಿಗಳೆಲ್ಲ ಓದಿಯಾಗಿತ್ತು.

ಅದೇ ವಾರ ಅವಳ ಕೆಲಸ ಹೋಯಿತು. ನಾನು ಆ ಸಾಲನ್ನು ಸದ್ದಿಲ್ಲದೆ ಸರಿಯಾದ ದಾರಿಗೆ ಹಾಕಿ, ಬದಲಾವಣೆಗಳ ಪಟ್ಟಿಯಲ್ಲಿ 'ಸಣ್ಣ ಸುಧಾರಣೆ' ಎಂದು ಬರೆದೆ. ದೋಷ ಕಂಡುಹಿಡಿದವರು ಯಾರು ಎಂಬಲ್ಲಿ ನನ್ನ ಹೆಸರನ್ನೇ ಹಾಕಿಕೊಂಡೆ. ಅವಳು ಅದನ್ನು ನೋಡಿ ಮತ್ತೆ ಫೋನ್ ಮಾಡಿದಳು.

"ಕಾಕಾ, ನಿಮ್ಮ ಸುಧಾರಣೆ ನೋಡಿದ್ನಿ. ಒಂದ ಸಾಲು."

"ಹೂಂನವಾ."

"ಮಾಲಕರಿಗೆ ಖರೇ ಹೇಳಿದ್ರೇನು?"

ಕುಕ್ಕರ್ ಸೀಟಿ ಹೊಡೆಯುತ್ತಿದೆ ಎಂದು ಹೇಳಿ ಫೋನ್ ಇಟ್ಟೆ. ಅಂದು ಒಲೆಯನ್ನೇ ಹಚ್ಚಿರಲಿಲ್ಲ.

ಅವಳು ಮತ್ತೆ ಫೋನ್ ಮಾಡಲಿಲ್ಲ. ಅವಳ ನಂಬರ್ ನನ್ನ ಹತ್ತಿರ ಇದೆ. ಮೂರು ವರ್ಷದಲ್ಲಿ ಒಮ್ಮೆಯೂ ಒತ್ತಿಲ್ಲ. ತಪ್ಪು ನನ್ನದು, ಸುಳ್ಳೂ ನನ್ನದು. ನಾನು ಕ್ಷಮೆ ಕೇಳಬೇಕಾಗಿದ್ದುದು, ಇಂದಿಗೂ ಕೇಳದೆ ಇರುವುದು, ಬೈರಿದೇವರಕೊಪ್ಪದ ಆ ಮೆಕ್ಯಾನಿಕ್ಕರ ಮಗಳನ್ನು.