ಏಳು ಮನೆಯ ಮೆಂತ್ಯ

ಕಳೆದ ಭಾನುವಾರ ಅಡುಗೆಮನೆಯ ಮೇಲಿನ ಹಲಗೆ ಒರೆಸುವಾಗ ಆ ಸ್ಟೀಲ್ ಡಬ್ಬಿ ಕೈಗೆ ಬಂತು. ಒಂದು ಪಕ್ಕ ನೆಗ್ಗಿದೆ. ಅದಕ್ಕೇ ಮುಚ್ಚಳ ಸುಲಭಕ್ಕೆ ಬರುವುದಿಲ್ಲ, ಚಮಚದ ಹಿಡಿ ಸಿಕ್ಕಿಸಿ ಮೀಟಬೇಕು. ಮೀಟಿದೆ. ಮುಕ್ಕಾಲು ಖಾಲಿ, ತಳದಲ್ಲಿ ಸಾರಿನ ಪುಡಿ. ಮೊದಲು ಇಂಗಿನ ವಾಸನೆ ಬಂತು, ಆಮೇಲೆ ಮೆಣಸಿನಕಾಯಿಯ ಘಾಟು, ಅದರ ಹಿಂದೆಯೇ ಸೀದ ಮೆಂತ್ಯದ್ದು... ಇಷ್ಟು ದಿನವಾದರೂ ಹೋಗಿಲ್ಲ. ಸ್ಟೂಲಿನ ಮೇಲೆ ಹತ್ತಿದವಳು ಹಾಗೇ ನಿಂತುಬಿಟ್ಟೆ. ದುಃಖ ಉಕ್ಕಿ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಬರಲಿಲ್ಲ. ಕಾಲು ಜೋಮು ಹಿಡಿದಿತ್ತು, ಇಳಿದೆ.

ನಾನು ಮಳವಳ್ಳಿ ಕಡೆಯವಳು. ಮದುವೆಯಾದ ಮೇಲೆ ಮದ್ದೂರಿನಲ್ಲಿ, ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಎದುರು ಮನೆಯಲ್ಲಿ ದೊಡ್ಡಮ್ಮ ಇದ್ದರು. ನನಗೆ ನೆಂಟರಲ್ಲ, ಗಲ್ಲಿಯವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಅಂದೆ. ಮಗ, ಸೊಸೆ, ಒಂದು ಹಸು, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಅದರ ಪಕ್ಕದಲ್ಲೇ ಮೂರು ಕಲ್ಲಿನ ಒಲೆ. ಮನೆಯೊಳಗೆ ಗ್ಯಾಸಿದ್ದರೂ ಹುರಿಯುವ ಕೆಲಸವೆಲ್ಲ ಆ ಒಲೆಯ ಮೇಲೆಯೇ.

ಅವರ ಪ್ರಪಂಚ ಅಡುಗೆ ಸಾಮಾನು. ಬೇರೆಯವರು ಒಡವೆ ತೋರಿಸುವ ಹಾಗೆ ದೊಡ್ಡಮ್ಮ ಬಾಣಲೆ ತೋರಿಸುತ್ತಿದ್ದರು. ಕಪ್ಪಗೆ ಮಿರಮಿರ ಮಿನುಗುವ ಕಬ್ಬಿಣದ ಬಾಣಲೆ, ಅವರ ಅತ್ತೆ ಕಾಲದ್ದು. ಅದಕ್ಕೆ ಸೋಪು ಮುಟ್ಟಿಸುವ ಹಾಗಿಲ್ಲ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಬೋರಲು ಹಾಕಬೇಕು. ನಾನು ಬಂದ ಹೊಸದರಲ್ಲಿ ನನ್ನ ದೋಸೆ ಕಾವಲಿಯನ್ನು ತಂತಿ ಉಂಡೆ ಹಾಕಿ ಬೆಳ್ಳಗೆ ಉಜ್ಜಿ ಬಿಸಿಲಿಗೆ ಇಟ್ಟಿದ್ದೆ. ದೊಡ್ಡಮ್ಮ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ ನಿನ್ ಮನೆ ಕಾಯ್ವೋಗ! ಕಾವಲಿ ಚರ್ಮನೇ ಸುಲ್ದಾಕ್ಬುಟ್ಟಿದ್ದೀಯಲ್ಲೇ! ಇನ್ನಾರು ತಿಂಗ್ಳು ದ್ವಾಸೆ ಏಳಾಕಿಲ್ಲ, ನೋಡ್ಕೊ."

ಬೈದವರು ಸಂಜೆಗೆ ತಾವೇ ಅರ್ಧ ಈರುಳ್ಳಿ, ಒಂದು ಬಟ್ಟಲು ಎಣ್ಣೆ ತಂದು ಕೂತರು. ಈರುಳ್ಳಿಯಿಂದ ಎಣ್ಣೆ ಉಜ್ಜುವುದು, ಕಾಯಿಸುವುದು, ಆರಿಸುವುದು, ಮತ್ತೆ ಉಜ್ಜುವುದು. ಮೂರು ಸಂಜೆ ಬಂದರು. ನಾಲ್ಕನೇ ದಿನ ದೋಸೆ ಎದ್ದಿತು. ಮುದ್ದೆ ಗಂಟಾಗದ ಹಾಗೆ ಎಸರಿಗೆ ಮೊದಲೇ ಒಂದು ಚಮಚ ಹಿಟ್ಟು ಕದಡಿ ಹಾಕುವುದು, ಮೆಣಸಿನಕಾಯಿ ಹುರಿಯುವಾಗ ನಾಲ್ಕು ಹನಿ ಹರಳೆಣ್ಣೆ ಬಿಟ್ಟರೆ ಕೆಮ್ಮು ಬರುವುದಿಲ್ಲ ಎನ್ನುವುದು, ಪುಡಿ ಪೂರ್ತಿ ಆರುವ ತನಕ ಡಬ್ಬಿಗೆ ಮುಚ್ಚಳ ಹಾಕಬಾರದು ಎನ್ನುವುದು, ಇದೆಲ್ಲ ಅವರಿಂದ ಬಂದದ್ದು. ನನ್ನ ಅಡುಗೆ ಚೆನ್ನಾಗಿದೆ ಅಂತ ಈಗ ಯಾರಾದರೂ ಅಂದರೆ ನಾನು ಸುಮ್ಮನೆ ಇರುತ್ತೇನೆ. ನನ್ನದಲ್ಲವಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಪುಡಿಯ ಕೆಲಸ. ಗಲ್ಲಿಯ ಏಳು ಮನೆಯವರು ಅವರವರ ಧನಿಯ, ಮೆಣಸಿನಕಾಯಿ, ಜೀರಿಗೆ ಒಣಗಿಸಿಕೊಂಡು ದೊಡ್ಡಮ್ಮನ ಹಿತ್ತಲಿಗೆ ಹೋಗುತ್ತಿದ್ದೆವು. ಹುರಿಯುವುದು ಮಾತ್ರ ಅವರೊಬ್ಬರೇ. ನಾವು ಕಲ್ಲು ಆರಿಸುವುದು, ತೊಟ್ಟು ಮುರಿಯುವುದು, ಹರಟುವುದು. ಒಂದೊಂದು ಮನೆಯದು ಒಂದೊಂದು ಮೊರಕ್ಕೆ. ಮೆಂತ್ಯ ಮಾತ್ರ ಏಳು ಮನೆಯದೂ ಒಂದೇ ಸಲ ಬಾಣಲೆಗೆ. ಒಂದು ಮನೆಗೆ ಬೇಕಾಗುವುದು ಒಂದು ಹಿಡಿ, ಅಷ್ಟು ಸ್ವಲ್ಪ ಹಾಕಿದರೆ ಕಬ್ಬಿಣದ ಕಾವಿಗೆ ಹದ ಸಿಗುವುದಿಲ್ಲ ಅಂತ ಅವರ ವಾದ. ಹುರಿದಾದ ಮೇಲೆ ಬಟ್ಟಲಲ್ಲಿ ಅಳೆದು ಏಳು ಮೊರಕ್ಕೂ ಸುರಿಯುತ್ತಿದ್ದರು. ಮೆಂತ್ಯಕ್ಕೆ ಒಂದು ಗಳಿಗೆಯಿದೆ. ಹಸಿ ಹೋಗಿ ಘಮ್ಮೆನ್ನುತ್ತದೆ, ಇನ್ನೊಂದು ಉಸಿರು ಬಿಡುವುದರಲ್ಲಿ ಕಹಿ.

"ಕಣ್ಣ ನಂಬ್ಕೊಂಡು ಉರೀಬ್ಯಾಡ ಕಣವ್ವ, ಕಣ್ಣು ಮೋಸ ಮಾಡ್ತದೆ. ಮೂಗ ನಂಬ್ಕೊ," ಅನ್ನುತ್ತಿದ್ದರು. ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಹುರಿಯುತ್ತಿದ್ದರು.

ಕೊರೊನಾ ಎರಡನೇ ಸಲ ಬಂದಾಗ ದೊಡ್ಡಮ್ಮ ಮಲಗಿದರು. ಎದ್ದರು ಸಹ. ಎದ್ದ ಮೇಲೆ ಒಂದು ದಿನ ನಮ್ಮ ಮನೆಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, ಅಡುಗೆಮನೆಯಲ್ಲಿ ನೆಲದ ಮೇಲೆ ಕೂತರು. ಒಗ್ಗರಣೆ ಡಬ್ಬಿ ತೆಗೆಸಿಕೊಂಡು ಇಂಗು ಮೂಸಿದರು. ಬೆಳ್ಳುಳ್ಳಿ ಜಜ್ಜಿ ಮೂಸಿದರು. ಒಂದು ಕಾಳು ಮೆಂತ್ಯ ಬಾಯಿಗೆ ಹಾಕಿಕೊಂಡು ಅಗಿದರು.

"ಏನೂ ಇಲ್ಲ ಕಣ್ ಮಗ. ವಾಸ್ನೆನೂ ಇಲ್ಲ, ರುಚಿನೂ ಇಲ್ಲ. ಖಾರ ತಿಂದ್ರೆ ಉರಿ ಒಂದು ಗೊತ್ತಾಯ್ತದೆ. ಹುಲ್ ಮೇದಂಗಾಯ್ತದೆ."

"ಡಾಕ್ಟ್ರಿಗೆ ತೋರಿಸಿ ದೊಡ್ಡಮ್ಮ."

"ತೋರ್ಸ್ದೆ. ಬಂದ್ರೆ ಬತ್ತದೆ, ಇಲ್ದೆ ಇದ್ರೆ ಇಲ್ಲ ಅಂದ್ರು. ಯಾರ್ಗೂ ಯೋಳ್ಬ್ಯಾಡ. ನಮ್ಮನೆ ಹುಡ್ಗಿಗಂತೂ ಯೋಳ್ಲೇಬ್ಯಾಡ. ಗೊತ್ತಾದ್ರೆ 'ಒಲೆ ತಾವ್ಕೆ ಬರ್ಬ್ಯಾಡಿ ಅತ್ತೆ, ಕುಂತ್ಕಳಿ' ಅಂತದೆ. ಪಾಪ, ಒಳ್ಳೇದ್ಕೇ ಅಂತದೆ. ಕುಂತ್ಕಂಡು ನಾನೇನ್ ಮಾಡ್ಲಿ?"

ಆ ಮಾತಿನಲ್ಲಿ ನನಗೊಂದು ಬೇಡಿಕೆಯೂ ಇತ್ತು. ನಾನು ಅವರ ಮೂಗಾದೆ. ದಿನಾ ಸಂಜೆ ಬಟ್ಟಲಲ್ಲಿ ಸಾರು ಮುಚ್ಚಿಕೊಂಡು ಬರುತ್ತಿದ್ದರು. ಉಪ್ಪು, ಹುಳಿ ಹೇಳಿ ಕಳಿಸುತ್ತಿದ್ದೆ. ಪುಡಿ ಮಾಡುವ ದಿನಕ್ಕೆ ಒಂದು ಗುಟ್ಟಿನ ಸನ್ನೆ ಮಾಡಿಕೊಂಡೆವು. ನಾನು ಪಕ್ಕದಲ್ಲೇ ಕೂತಿರುವುದು, ಮೆಂತ್ಯ ಹದಕ್ಕೆ ಬಂದ ಕೂಡಲೇ "ದೊಡ್ಡಮ್ಮ, ನೀರು ಕುಡೀತೀರಾ?" ಅನ್ನುವುದು. ಅವರು ಬಾಣಲೆ ಇಳಿಸುವುದು. ಮೊದಲ ವರ್ಷ ಹಾಗೆಯೇ ನಡೆದುಹೋಯಿತು. ಕಣ್ಣು ಮುಚ್ಚಿಕೊಂಡು ಎಂದಿನ ಹಾಗೆ ಹುರಿದರು, ನಾನು ನೀರು ಬೇಕಾ ಅಂತ ಕೇಳಿದೆ. ನನಗೆ ದೊಡ್ಡಮ್ಮನ ಮೇಲೆ ಎಷ್ಟು ಅಕ್ಕರೆ ಅಂತ ಹೆಂಗಸರು ತಮಾಷೆ ಮಾಡಿದರು. ಆ ಸಲದಂಥ ಪುಡಿ ಯಾವ ವರ್ಷವೂ ಆಗಿರಲಿಲ್ಲ ಅಂದರು. ದೊಡ್ಡಮ್ಮ ನನ್ನ ತೊಡೆ ಚಿವುಟಿ ನಕ್ಕರು.

ಎರಡನೇ ವರ್ಷ.

ಮೆಂತ್ಯ ಬಾಣಲೆಗೆ ಬಿದ್ದಿತ್ತು. ನನ್ನ ಫೋನು ಹೊಡೆದುಕೊಂಡಿತು. ಮಳವಳ್ಳಿಯಿಂದ ತಂಗಿ. ಹಿತ್ತಲಲ್ಲಿ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ, ಒಂದೇ ನಿಮಿಷ ಅಂತ ಬೀದಿ ಬಾಗಿಲಿಗೆ ಬಂದೆ. ಯಾವುದೋ ನಾಮಕರಣಕ್ಕೆ ಉಡುವ ಸೀರೆ ಮಾತು. ನಾನು ಕೊಟ್ಟ ಹಸಿರು ಸೀರೆ ಅವಳು ಇನ್ನೊಬ್ಬರಿಗೆ ಕೊಟ್ಟಿದ್ದಳಂತೆ. ಜಗಳ ಆಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ, ಆ ಸೀರೆಯ ಅಂಚು ಯಾವ ಬಣ್ಣ ಅಂತ ಕೂಡ ಈಗ ನೆನಪಿಲ್ಲ...

ಘಾಟು ಬೀದಿ ಬಾಗಿಲಿಗೇ ಬಂತು. ಓಡಿದೆ. ಅಷ್ಟರಲ್ಲಿ ದೊಡ್ಡಮ್ಮ ನನ್ನ ನೀರಿನ ಮಾತಿಗೆ ಕಾದು ಕಾದು, ಕಡೆಗೆ ತಾವೇ ಬಾಣಲೆ ಇಳಿಸಿ, ಬಟ್ಟಲಲ್ಲಿ ಅಳೆದು, ಏಳೂ ಮೊರಕ್ಕೆ ಸುರಿದು ಕೈಯಾಡಿಸುತ್ತಿದ್ದರು. ಬಿಸಿ ಕಾಳು ಧನಿಯದ ಒಳಗೆ ಬೆರೆತುಹೋಗಿತ್ತು. ಹೆಂಗಸರಿಗೆ ಮೂಗಿರಲಿಲ್ಲವಾ ಅಂದರೆ ಇತ್ತು. ಆದರೆ ಬೆಳಗಿನಿಂದ ಮೆಣಸಿನಕಾಯಿ ಘಾಟಿಗೆ ಸೆರಗು ಮುಚ್ಚಿಕೊಂಡು ಕೂತವರು, ಮೇಲಾಗಿ ಹುರಿಯುತ್ತಿರುವುದು ದೊಡ್ಡಮ್ಮ. ಅವರ ಹದದ ಮೇಲೆ ಅನುಮಾನ ಪಡುವವರು ಆ ಗಲ್ಲಿಯಲ್ಲಿ ಯಾರು?

ದೊಡ್ಡಮ್ಮ ತಲೆ ಎತ್ತಿ ನನ್ನ ಮುಖ ನೋಡಿದರು. ಬಾಯಲ್ಲಿ ಕೇಳಲಿಲ್ಲ, ಕಣ್ಣಲ್ಲೇ ಕೇಳಿದರು. ಮೆಂತ್ಯ ಸೀದಿದೆ ಅಂದರೆ ಆಗುತ್ತಿತ್ತು. ಮಿಲ್ಲಿಗೆ ಹೋಗುವ ಮುಂಚೆ ಕೂತು ಆರಿಸಿಬಿಡಬಹುದಿತ್ತು, ಏಳು ಜನ ಇದ್ದೆವು. ಆದರೆ ಅಂದರೆ ಅವರ ಗುಟ್ಟು ರಟ್ಟಾಗುತ್ತದೆ ಅಂತ ಯೋಚನೆ ಮಾಡಿದೆ. ಇಷ್ಟೂ ದಿನ ನನಗೆ ನಾನೇ ಹಾಗಂತ ಹೇಳಿಕೊಂಡು ಬಂದಿದ್ದೇನೆ. ಗುಟ್ಟಿನ ಜೊತೆಗೆ, ನಾನು ಫೋನಿಗೆ ಅಂತ ಎದ್ದು ಹೋಗಿದ್ದೂ ಗೊತ್ತಾಗುತ್ತಿತ್ತಲ್ಲ, ಅದನ್ನು ಹೇಳಿಕೊಂಡಿಲ್ಲ.

"ಚೆನ್ನಾಗಿದೆ ದೊಡ್ಡಮ್ಮ," ಅಂದೆ.

ಅವರ ಮುಖ ಸಡಿಲವಾಯಿತು. ಪುಡಿ ಮಿಲ್ಲಿಗೆ ಹೋಯಿತು.

ಹೊಸ ಪುಡಿ ಬಂದ ದಿನ ಗಲ್ಲಿಯಲ್ಲಿ ಎಲ್ಲರ ಮನೆಯಲ್ಲೂ ಹುರುಳಿಕಾಳು ಬಸ್ಸಾರು ಮಾಡುವುದು ರೂಢಿ. ಮಾರನೇ ದಿನ ಬೆಳಿಗ್ಗೆ ಒಬ್ಬೊಬ್ಬರೇ ದೊಡ್ಡಮ್ಮನ ಜಗುಲಿಗೆ ಬಂದರು. ಯಾರೂ ಜೋರು ಮಾಡಲಿಲ್ಲ. "ಯಾಕೋ ಒಸಿ ಕಹಿ ಬಂದದೆ ದೊಡ್ಡಮ್ಮ," ಅಂತ ನೆಲ ನೋಡಿಕೊಂಡು ಹೇಳಿದರು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ನಾನು ನಮ್ಮ ಕಿಟಕಿಯಲ್ಲಿದ್ದೆ.

"ಉರಿ ಜಾಸ್ತಿ ಮಾಡ್ಬುಟ್ಟೆ ಕಣ್ರವ್ವ. ನಂದೇ ತಪ್ಪು. ಎಲ್ಲಾನೂ ತಂದು ನಂಗೇ ಕೊಟ್ಬುಡಿ, ಬೇರೆ ಮಾಡ್ಕೊಡ್ತೀನಿ," ಅಂದರು ದೊಡ್ಡಮ್ಮ. ಕೊಟ್ಟರು. ಏಳು ಮನೆಯ ಪುಡಿ ವಾಪಸು ಬಂದು ಅವರ ಅಟ್ಟ ಸೇರಿತು. ಮಗನಿಂದ ಹೊಸ ಧನಿಯ, ಮೆಣಸಿನಕಾಯಿ ತರಿಸಿದರು. ಆ ಸಲ ಬಾಣಲೆಯ ಮುಂದೆ ನನ್ನನ್ನು ಕೂರಿಸಿದರು. "ನಂಗೆ ರಟ್ಟೆ ನೋಯ್ತದೆ, ನೀನೇ ಉರಿ" ಅಂದರು. ಹುರಿದೆ. ಅಪ್ಪಟ ದೊಡ್ಡಮ್ಮನ ಹದವೇ ಅಂತ ಎಲ್ಲರೂ ಹೊಗಳಿದರು. ಆಮೇಲೆ ಅವರು ಬಾಣಲೆ ಮುಟ್ಟಲಿಲ್ಲ.

ಎಲ್ಲರೂ ಹೋದ ಮೇಲೆ ಒಂದೇ ಒಂದು ಸಲ ಕೇಳಿದರು. "ಆವತ್ತು ನಿಂಗೂ ಗೊತ್ತಾಗ್ನಿಲ್ವಾ ಮಗ?"

"ನೆಗಡಿ ಆಗಿತ್ತು ದೊಡ್ಡಮ್ಮ," ಅಂದೆ.

"ಊಂ... ನೆಗಡಿ ಬಂದ್ರೆ ಅಷ್ಟೇ ಕಣವ್ವ, ಮೂಗು ಸತ್ತೋಯ್ತದೆ," ಅಂದರು. ಸಂಜೆ ಒಂದು ಚೊಂಬು ಬಿಸಿ ಬಿಸಿ ಮೆಣಸಿನ ಸಾರು ತಂದರು, ಬೆಳ್ಳುಳ್ಳಿ ಜಜ್ಜಿ ಹಾಕಿ, ನನ್ನ ನೆಗಡಿಗೆ. ಎದುರಿಗೇ ಕೂತು ಕುಡಿಸಿದರು. ನನ್ನ ಮೂಗು ಒರೆಸಿದ ಕನ್ನಡಿಯಷ್ಟು ಚೊಕ್ಕಟವಾಗಿತ್ತು. ಮೆಣಸಿನ ಒಂದೊಂದು ಚೂರೂ ಗೊತ್ತಾಗುತ್ತಿತ್ತು. ಕುಡಿದೆ.

ಆ ಕಹಿ ಪುಡಿ ಏನು ಮಾಡುತ್ತೀರಿ ಅಂತ ನಾನು ಕೇಳಿದ್ದಕ್ಕೆ, "ನಾನೇ ಉಂಡ್ಕತೀನಿ ಬುಡು. ನಂಗೇನು, ಕಹಿ ಗೊತ್ತಾದ್ದಾ?" ಅಂದರು. ತಮಗೊಬ್ಬರಿಗೇ ಬೇರೆ ಸಾರು ಮಾಡಿಕೊಳ್ಳುತ್ತಿದ್ದರು. ಗೊಬ್ಬರದ ಗುಂಡಿಗೆ ಹಾಕಿ ಅಂತ ಸೊಸೆ ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಅವರ ಮನೆಗೆ ಹೋಗುವುದು ಕಮ್ಮಿ ಮಾಡಿದೆ. ದಿನಾ ಇದ್ದದ್ದು ವಾರಕ್ಕೆ ಬಂತು, ಆಮೇಲೆ ಹಬ್ಬಕ್ಕೆ. ನಮ್ಮ ಮನೆಯವರಿಗೆ ಮಂಡ್ಯದಲ್ಲೇ ಕೆಲಸ, ಬಸ್ಸಿನ ಓಡಾಟ ಸಾಕಾಗಿತ್ತು, ಮಂಡ್ಯಕ್ಕೇ ಮನೆ ಮಾಡಿದೆವು. ಎಷ್ಟು ದೂರ ಅಂತ ಕೇಳಬೇಡಿ. ಹತ್ತಿದರೆ ಇಳಿಯುವಷ್ಟು ದೂರ. ಹೋಗಲಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಮಣ್ಣಿಗೆ ಹೋಗಲು ಆಗಲಿಲ್ಲ, ಹನ್ನೊಂದರ ದಿನ ಹೋದೆ. ಊಟವಾದ ಮೇಲೆ ಸೊಸೆ ನನ್ನನ್ನು ಒಳಕ್ಕೆ ಕರೆದು ಈ ಡಬ್ಬಿ ಕೊಟ್ಟಳು. ಅಟ್ಟದ ಪುಡಿ ಮುಗಿಯುತ್ತಾ ಬಂದು, ಇದೊಂದರಲ್ಲಿ ಉಳಿದಿತ್ತು.

"ಎಸ್ಯಕೆ ಮನ್ಸು ಬರ್ನಿಲ್ಲ ಅಕ್ಕ. ನಿಮ್ಗೂ ಅವ್ರಿಗೂ ಈ ಪುಡಿ ಯವಾರ ಜಾಸ್ತಿಯಿತ್ತಲ್ಲ," ಅಂದಳು.

"ಕಡೇತನಕ ಇದನ್ನೇ ಉಣ್ಣುತ್ತಿದ್ದರಾ?"

"ಊಂ. ಪಾಪ, ಕಹಿ ಕಹಿ ಅಂದ್ಕಂಡೇ ಉಣ್ಣೋರು."

ನನಗೆ ಅರ್ಥವಾಗಲಿಲ್ಲ. ಅವರಿಗೆ ರುಚಿ ತಿಳಿಯುತ್ತಿರಲಿಲ್ಲವಲ್ಲ ಅಂದೆ. ಸೊಸೆ ನನ್ನ ಮುಖವನ್ನೇ ನೋಡಿದಳು.

"ಅದು ಬಂದ್ಬುಡ್ತಲ್ಲ ಅಕ್ಕ! ನೀವು ಮನೆ ಖಾಲಿ ಮಾಡ್ಕೊಂಡು ಓದ್ರಲ್ಲ, ಆಗ್ಲೇ. ಒಂದಿನ ಉಣ್ತಾ ಉಣ್ತಾ ಹಂಗೇ ಕುಂತ್ಬುಟ್ರು. 'ಕಹಿ ಕಣೇ, ನಂಗೆ ಕಹಿ ಗೊತ್ತಾಯ್ತಾ ಅದೆ' ಅಂತ ಅತ್ಬುಟ್ರು. ಆಗ್ಲೇ ನಮ್ಗೆಲ್ಲ ಯೋಳಿದ್ದು, ಇಷ್ಟ್ ದಿನ ಮೂಗಿರ್ನಿಲ್ಲ ಅಂತ. ಈಗ್ಲಾದ್ರೂ ಚೆಲ್ಲಿ ಅತ್ತೆ ಅಂದೆ. ಏಳು ಮನೇರು ಬಿಸ್ಲಲ್ಲಿ ಒಣಗ್ಸಿದ್ದು, ಚೆಲ್ಲಾಕಾಯ್ತದಾ ಅಂದ್ರು. ನಿಮ್ಗೆ ಪೋನ್ ಮಾಡಿ ಯೋಳ್ತೀನಿ ಅಂದ್ರೆ ಬ್ಯಾಡ ಅಂದ್ರು."

"ಯಾಕೆ?"

"ಪುಡಿ ಮೂಸಿ ನೋಡಿದ್ರು ಅಕ್ಕ. 'ಇಷ್ಟು ಸೀದಿರೋದು ನೆಗ್ಡಿ ಆದೋರ್ಗೂ ಗೊತ್ತಾಯ್ತದೆ' ಅಂದ್ರು. ಆಮೇಲೆ, 'ಆ ಹುಡ್ಗಿಗೆ ಯೋಳ್ಬ್ಯಾಡ, ಮನ್ಸಿಗೆ ಹಚ್ಕತದೆ' ಅಂದ್ರು. ಯಾಕಂಗಂದ್ರೋ ನಂಗೊತ್ತಿಲ್ಲ."

ನಾನೂ ಹೇಳಲಿಲ್ಲ. ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಉದ್ದಕ್ಕೂ ಕಬ್ಬಿನ ಗದ್ದೆ ನೋಡಿಕೊಂಡು ಬಂದೆ. ಅಳಬೇಕು ಅಂತ ಅನ್ನಿಸಿತು, ಬರಲಿಲ್ಲ. ಮನೆಗೆ ಬಂದು ಡಬ್ಬಿಯನ್ನು ಮೇಲಿನ ಹಲಗೆಯಲ್ಲಿ ಇಟ್ಟವಳು ಮತ್ತೆ ಮುಟ್ಟಿರಲಿಲ್ಲ.

ಭಾನುವಾರ ಆ ಪುಡಿ ಹಾಕಿಯೇ ಹುರುಳಿಕಾಳು ಬಸ್ಸಾರು ಮಾಡಿದೆ. ಮುದ್ದೆ ಕಟ್ಟಿದೆ. ನಮ್ಮ ಮನೆಯವರು ಒಂದು ತುತ್ತು ನುಂಗಿ ಮುಖ ಕಿವುಚಿದರು.

"ಏನಿದು, ಇಷ್ಟು ಕಹಿ?"

"ಮೆಂತ್ಯ ಸೀದಿದೆ," ಅಂದೆ.

ಎರಡೇ ಮಾತು. ಎಷ್ಟು ಸಲೀಸಾಗಿ ಬಾಯಿಂದ ಬಂತು... ಅವರು ತಟ್ಟೆ ಪಕ್ಕಕ್ಕೆ ಸರಿಸಿ ಮೊಸರು ಕೇಳಿದರು. ಎದ್ದು ಬಡಿಸಿ ಬಂದು ಕೂತು, ನನ್ನ ತಟ್ಟೆಯದನ್ನು ಪೂರ್ತಿ ಉಂಡೆ. ಇನ್ನು ನಾಲ್ಕೈದು ಸಲಕ್ಕೆ ಆಗುವಷ್ಟು ಪುಡಿ ಇದೆ.